ಜತ್ತ ಸೀಮೆಯ ಅಡುಗೆಮನೆ: ಬಾಯಿಂದ ಬಾಯಿಗೆ ದಾಟಿದ ಪಾಕಜ್ಞಾನದ ಚರಿತ್ರೆ

1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲಾ ಗ್ಯಾಝೆಟಿಯರ್ ಈ ಭಾಗದ ಒಂದೊಂದು ಜನವರ್ಗವನ್ನೂ ವರ್ಣಿಸುವಾಗ ಅವರ ಮನೆ, ಉಡುಗೆ, ಮದುವೆಗಳ ಜೊತೆಗೆ ಊಟವನ್ನೂ ದಾಖಲಿಸುತ್ತದೆ. ದಿನನಿತ್ಯದ ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯ, ಹಬ್ಬದ ದಿನದ ವಿಶೇಷ ಭಕ್ಷ್ಯಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಉಣ್ಣುವ ವಸ್ತುಗಳ ಹೆಸರು ಅಲ್ಲಿದೆ. ಮಾಡುವ ಬಗೆ ಇಲ್ಲ. ಅಧಿಕಾರಿಗಳಿಗೆ ಮಾಹಿತಿ ಕೊಟ್ಟವರು ಗಂಡಸರು. ಹಿಟ್ಟಿಗೆ ಎಷ್ಟು ಎಸರು ಬೇಕು, ಬೇಳೆಯ ಕಟ್ಟನ್ನು ಯಾವಾಗ ಬಸಿಯಬೇಕು ಎಂಬುದನ್ನು ಬಲ್ಲವರನ್ನು ಯಾರೂ ಕೇಳಿದಂತಿಲ್ಲ.

ಗಡಿನಾಡಿನ ಕನ್ನಡದ ಚರಿತ್ರೆಯನ್ನು ಶಾಸನ, ಸಂಸ್ಥಾನ, ಶಾಲೆ, ಆಯೋಗದ ವರದಿಗಳ ಆಧಾರದಿಂದ ಬರೆಯುವುದು ವಾಡಿಕೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಮುಚ್ಚಂಡಿಯಂಥ ಕನ್ನಡದ ಊರುಗಳಲ್ಲಿ ಭಾಷೆ ಉಳಿದು ಬಂದ ದಾರಿ ಈ ದಾಖಲೆಗಳಲ್ಲಿ ಅರ್ಧದಷ್ಟೇ ಕಾಣುತ್ತದೆ. ಉಳಿದ ಅರ್ಧ ಒಲೆಯ ಮುಂದೆ ನಡೆದದ್ದು. ತಾಯಿ ಮಗಳಿಗೆ, ಅತ್ತೆ ಸೊಸೆಗೆ, ನೆಗೆಣ್ಣಿ ನೆಗೆಣ್ಣಿಗೆ ಅಡುಗೆಯನ್ನು ಹೇಳಿಕೊಟ್ಟ ಮಾತು ಕನ್ನಡದ್ದಾಗಿತ್ತು. ಆ ವಿನಿಮಯದ ಸ್ವರೂಪವೇನು, ಅದು ಯಾವ ಸಂದರ್ಭಗಳಲ್ಲಿ ನಡೆಯುತ್ತಿತ್ತು, ಬರಹಕ್ಕೆ ಇಳಿಯದಿದ್ದುದರಿಂದ ಏನಾಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗ್ರಂಥಸ್ಥ ಪಾಕ, ಮನೆಯ ಪಾಕ

ಕನ್ನಡದಲ್ಲಿ ಪಾಕಶಾಸ್ತ್ರದ ಬರಹಕ್ಕೆ ಕೊರತೆಯಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಜಲಶೋಧನೆ, ವೈದ್ಯಗಳೊಂದಿಗೆ ಸೂಪಶಾಸ್ತ್ರಕ್ಕೂ ಸ್ಥಾನವಿದೆ. 12ನೆಯ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಸಂಸ್ಕೃತದಲ್ಲಿ ಸಿದ್ಧವಾದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣವು ಮಂಡಕ, ಪೂರಿಕಾ, ಇಡ್ಡರಿಕಾ, ದೋಸಿಕಾ ಮೊದಲಾದ ತಿನಿಸುಗಳನ್ನು ವಿವರಿಸುತ್ತದೆ. ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡರ ಆಹಾರ ಚರಿತ್ರೆಕಾರರೂ ಆ ಗ್ರಂಥವನ್ನು ತಮ್ಮದೆಂದು ಉಲ್ಲೇಖಿಸುತ್ತಾರೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಹೆಸರಿನ ಕೃತಿಯನ್ನೇ ರಚಿಸಿದನು.

ಈ ಕೃತಿಗಳು ಅರಮನೆಯ ಅಥವಾ ವಿದ್ವಾಂಸರ ದೃಷ್ಟಿಯಿಂದ ಹುಟ್ಟಿದವು. ಜೋಳದ ರೊಟ್ಟಿ, ಸಜ್ಜೆಯ ಕಡುಬು, ಪುಂಡಿಪಲ್ಲೆ, ಗುರೆಳ್ಳಿನ ಹಿಂಡಿಗಳನ್ನು ದಿನವೂ ಮಾಡುತ್ತಿದ್ದ ಮನೆಗಳು ಅವುಗಳ ಓದುಗರಾಗಿರಲಿಲ್ಲ. ಆ ಮನೆಗಳ ಪಾಕಜ್ಞಾನಕ್ಕೆ ಬೇರೆಯದೇ ಪರಂಪರೆ ಇತ್ತು. ಅದು ಗ್ರಂಥವನ್ನು ಆಶ್ರಯಿಸದೆ ನೆನಪನ್ನೂ ಕೈಯ ರೂಢಿಯನ್ನೂ ಆಶ್ರಯಿಸಿತು.

ಹೋಲಿಕೆಗೆ ಹತ್ತಿರದ ಒಂದು ಉದಾಹರಣೆಯಿದೆ. ಜತ್ತಕ್ಕೆ ನೆರೆಯ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಆ ಹಾಡುಗಳಲ್ಲಿ ಹಲವು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಹೀಗೆ ಬೀಸುವಾಗಿನ ಹಾಡು ಗ್ರಂಥಸ್ಥವಾಯಿತು. ಬೀಸಿದ ಹಿಟ್ಟಿನಿಂದ ಅದೇ ಹೆಣ್ಣುಮಕ್ಕಳು ಏನನ್ನು ಹೇಗೆ ಮಾಡುತ್ತಿದ್ದರೆಂಬ ಜ್ಞಾನಕ್ಕೆ ಅಂಥ ಸಂಗ್ರಾಹಕರು ದೊರೆಯಲಿಲ್ಲ. ಹಾಡು ಸಾಹಿತ್ಯವೆಂದು ಮನ್ನಣೆ ಪಡೆದ ಕಾಲದಲ್ಲಿ ಅಡುಗೆಯು ಕೆಲಸವೆಂದು ಮಾತ್ರ ಎಣಿಕೆಯಾಗಿದ್ದುದೇ ಇದಕ್ಕೆ ಕಾರಣವಿರಬೇಕು.

ಸೀಮೆ ಮತ್ತು ಧಾನ್ಯ

ಜತ್ತವು ಡಫಳೆ ಮನೆತನದ ಆಳ್ವಿಕೆಯಲ್ಲಿದ್ದ ಚಿಕ್ಕ ಸಂಸ್ಥಾನ. ಬ್ರಿಟಿಷರ ಕಾಲದಲ್ಲಿ ಅದು ಬಿಜಾಪುರ ಏಜೆನ್ಸಿಗೆ ಸೇರಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಯ ಭಾಗವಾಯಿತು. 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬಿಜಾಪುರವು ಮೈಸೂರು ರಾಜ್ಯಕ್ಕೆ ಹೋದಾಗ ಜತ್ತವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1967ರ ಮಹಾಜನ ವರದಿಯು ಈ ತಾಲೂಕಿನ ಹಲವು ಹಳ್ಳಿಗಳನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿದರೂ ಅದು ಜಾರಿಯಾಗಲಿಲ್ಲ. ಆಡಳಿತದ ಗೆರೆ ಇಷ್ಟು ಬಾರಿ ಬದಲಾದರೂ ಹೆಣ್ಣು ಕೊಟ್ಟು ತರುವ ನಂಟು ಮಾತ್ರ ಅಥಣಿ, ಇಂಡಿ, ಚಡಚಣ, ವಿಜಯಪುರಗಳ ಕಡೆಗೆ ಮುಂದುವರಿಯಿತು. ಪಾಕಜ್ಞಾನದ ಸಂಚಾರಕ್ಕೆ ಈ ನಂಟೇ ಹೆದ್ದಾರಿಯಾಯಿತು.

ಈ ಸೀಮೆಯ ಅಡುಗೆಗೆ ಹಿಂಗಾರಿ ಜೋಳವೇ ಆಧಾರ. ಮಳೆ ಕಡಿಮೆ, ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲಿ ಚಳಿಗಾಲದ ಬೆಳೆ ಬರಬೇಕು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ಬಿಡುಗಡೆ ಮಾಡಿದ ಮಾಲದಂಡಿ ತಳಿ, ಅಂದರೆ ಎಂ. 35-1, ಈ ಮಣ್ಣಿಗೆ ಒಗ್ಗಿ ರೊಟ್ಟಿಯ ರುಚಿಗೆ ಮಾನದಂಡವಾಯಿತು. ಜತ್ತದ ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕಾಳಿಗೆ ಹೀಗೆ ನೋಂದಣಿ ಉಂಟು. ಅದನ್ನು ರೊಟ್ಟಿಯಾಗಿಸುವ ಕೈಚಳಕ ಇನ್ನೂ ಯಾವ ದಾಖಲೆಯನ್ನೂ ಸೇರಿಲ್ಲ.

ವಿನಿಮಯದ ಸಂದರ್ಭಗಳು

ಮನೆಯ ಪಾಕಜ್ಞಾನವು ಗುಟ್ಟಾಗಿ ಉಳಿಯುತ್ತಿತ್ತೆಂದೂ ತಾಯಿಯಿಂದ ಮಗಳಿಗೆ ಮಾತ್ರ ದಾಟುತ್ತಿತ್ತೆಂದೂ ಭಾವಿಸುವುದು ಸರಿಯಲ್ಲ. ಅದು ಹಲವು ಮನೆಗಳ ನಡುವೆ ಹರಿದಾಡುವುದಕ್ಕೆ ವರ್ಷದ ನಿಗದಿತ ಸಂದರ್ಭಗಳಿದ್ದವು.

ಮೊದಲನೆಯದು ನಾಗರಪಂಚಮಿ. ಉತ್ತರ ಕರ್ನಾಟಕದಲ್ಲಿಯೂ ಈ ಗಡಿಸೀಮೆಯಲ್ಲಿಯೂ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬವಿದು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ ಉಂಡಿ, ತಂಬಿಟ್ಟು, ಜೋಳದ ಅಳ್ಳುಗಳು ಈ ಹಬ್ಬದ ತಿನಿಸುಗಳು. ನಾಲ್ಕಾರು ಊರುಗಳಿಗೆ ಮದುವೆಯಾಗಿ ಹೋದ ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಸೇರಿದಾಗ ಪ್ರತಿಯೊಬ್ಬಳ ಅತ್ತೆಮನೆಯ ರೀತಿಯೂ ಅಲ್ಲಿ ಚರ್ಚೆಗೆ ಬರುತ್ತದೆ. ಬೆಲ್ಲದ ಆಣ ಹದಕ್ಕೆ ಬಂದಿತೇ ಎಂಬುದನ್ನು ಒಬ್ಬಳು ನೀರಿಗೆ ಒಂದು ಹನಿ ಬಿಟ್ಟು ನೋಡುತ್ತಾಳೆ. ಇನ್ನೊಬ್ಬಳು ಎರಡು ಬೆರಳಿನ ನಡುವೆ ಎಳೆಯಾಗುವುದನ್ನು ನೋಡುತ್ತಾಳೆ. ಆಣ ಎಳಸಾದರೆ ಉಂಡಿ ನಿಲ್ಲುವುದಿಲ್ಲ, ಬಲಿತರೆ ಹಲ್ಲಿಗೆ ಬಗ್ಗುವುದಿಲ್ಲ. ಹಬ್ಬ ಮುಗಿಸಿ ಮರಳುವಾಗ ಅವರ ಬುತ್ತಿಯಲ್ಲಿ ಉಂಡಿಗಳೊಂದಿಗೆ ಒಂದೆರಡು ಹೊಸ ಉಪಾಯಗಳೂ ಹೋಗುತ್ತವೆ.

ಎರಡನೆಯದು ಬೇಸಿಗೆಯ ಸಾಮೂಹಿಕ ಕೆಲಸ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆಗಳ ದಿನಗಳು ಬರುತ್ತವೆ. ಒಂದು ಮನೆಯ ಶಾವಿಗೆಗೆ ಓಣಿಯ ಹೆಂಗಸರು ಬಂದು ಕೈಹಚ್ಚುವುದು, ಮರುದಿನ ಆ ಮನೆಯವರು ಇನ್ನೊಂದು ಮನೆಗೆ ಹೋಗುವುದು ಮುಯ್ಯಿಯ ಪದ್ಧತಿ. ಗೋಧಿ ಎಷ್ಟು ಹೊತ್ತು ನೆನೆಯಬೇಕು, ಕಣಕ ಎಷ್ಟು ನಾದಬೇಕು, ಮೋಡ ಕವಿದರೆ ಸಂಡಿಗೆಯ ಹಿಟ್ಟನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬಂಥ ಜ್ಞಾನ ಇಲ್ಲಿ ಮಾಡಿ ತೋರಿಸುವುದರಿಂದಲೇ ದಾಟುತ್ತದೆ. ವರ್ಷದ ಖಾರ ಸಿದ್ಧಪಡಿಸುವುದೂ ಇದೇ ಕಾಲದಲ್ಲಿ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಘಾಟಿಗೆ ಬೇರೆ ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿ, ಬಳ್ಳೊಳ್ಳಿಗಳ ಪ್ರಮಾಣ ಮನೆಯಿಂದ ಮನೆಗೆ ಬೇರೆ. ಖಾರ ಕುಟ್ಟಿಸುವ ಡಂಕದ ಮುಂದೆ ಸರದಿಯಲ್ಲಿ ಕುಳಿತ ಹೆಂಗಸರು ಒಬ್ಬರ ಬುಟ್ಟಿಯನ್ನು ಇನ್ನೊಬ್ಬರು ನೋಡುತ್ತಾರೆ, ಕೇಳುತ್ತಾರೆ, ಮುಂದಿನ ವರ್ಷ ತಮ್ಮ ಪ್ರಮಾಣವನ್ನು ತಿದ್ದಿಕೊಳ್ಳುತ್ತಾರೆ.

ಮೂರನೆಯದು ಕುಬಸದ ಬುತ್ತಿ. ಬಸುರಿ ಹೆಣ್ಣುಮಗಳಿಗೆ ತವರಿನವರೂ ಬಂಧುಗಳೂ ಬಗೆಬಗೆಯ ಬುತ್ತಿ ತರುವ ರೂಢಿಯಿಂದ ಒಂದು ಊರಿನ ರುಚಿ ಇನ್ನೊಂದು ಊರಿನ ಪಂಕ್ತಿಗೆ ಬರುತ್ತದೆ. ಉಂಡವರು ಮೆಚ್ಚಿದರೆ ಮಾಡಿದ ಬಗೆಯನ್ನು ಕೇಳುವುದು ಸಹಜ. ಹೀಗೆ ಕೇಳಿ ಕಲಿತ ತಿನಿಸಿಗೆ ಕಲಿಸಿದವರ ನಂಟಿನ ಹೆಸರು ಅಂಟಿಕೊಳ್ಳುತ್ತದೆ: ಆಯಿಯ ಹಿಂಡಿ, ವೈನಿಯ ಖಾರ, ಮಾವಶಿಯ ಹೋಳಿಗೆ. ವೈನಿ, ಮಾವಶಿಗಳೆಂಬ ಸಂಬೋಧನೆಗಳೇ ಮರಾಠಿಯಿಂದ ಬಂದು ಈ ಕಡೆಯ ಕನ್ನಡದಲ್ಲಿ ನೆಲೆಸಿದವು ಎಂಬುದೂ ಗಮನಾರ್ಹ.

ನಾಲ್ಕನೆಯದು ಜಾತ್ರೆ ಮತ್ತು ದಾಸೋಹ. ಜತ್ತ ತಾಲೂಕಿನ ಗುಡ್ಡಾಪುರವು 12ನೆಯ ಶತಮಾನದ ಶರಣೆ ದಾನಮ್ಮನ ಕ್ಷೇತ್ರ. ಅಲ್ಲಿಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಗೆಂದು ಕಟ್ಟಿಕೊಳ್ಳುವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಗಳು ದಿನಗಟ್ಟಲೆ ಕೆಡದ ತಿನಿಸುಗಳು. ಮಾದಲಿಯಲ್ಲಿ ನೀರಿನ ಪಸೆ ಉಳಿಯದಂತೆ ನೋಡಿಕೊಳ್ಳುವುದು, ರೊಟ್ಟಿಯನ್ನು ತೆಳುವಾಗಿ ಬಡಿದು ಗರಿಗರಿಯಾಗುವವರೆಗೆ ಒಣಗಿಸುವುದು ಪ್ರಯಾಣದ ಅಡುಗೆಯ ಮೂಲಸೂತ್ರಗಳು. ಜಾತ್ರೆಯ ಬಯಲಿನಲ್ಲಿ ಬುತ್ತಿ ಬಿಚ್ಚಿ ಹಂಚಿ ಉಣ್ಣುವಾಗ ಪರಿಚಯವಿಲ್ಲದ ಮನೆಗಳ ನಡುವೆಯೂ ಈ ಜ್ಞಾನ ಕೈದಾಟುತ್ತಿತ್ತು.

ಹೇಳಿಕೊಡುವ ಕ್ರಮ ಮತ್ತು ಅದರ ಭಾಷೆ

ಬಾಯಿಮಾತಿನ ಪಾಕದಲ್ಲಿ ಅಳತೆ ಸಡಿಲವೆಂಬ ಆಕ್ಷೇಪ ಸಾಮಾನ್ಯ. ವಾಸ್ತವದಲ್ಲಿ ಅದಕ್ಕೆ ತನ್ನದೇ ಅಳತೆಗಳಿವೆ. ಧಾನ್ಯಕ್ಕೆ ಸೇರು, ಪಾವು, ಹಿಟ್ಟಿಗೆ ಬೊಗಸೆ, ಬೇಳೆಗೆ ಹಿಡಿ, ಅರಿಸಿನಕ್ಕೆ ಚಿಮಟಿ. 1956ರ ತೂಕ ಮತ್ತು ಅಳತೆಗಳ ಕಾನೂನಿನ ತರುವಾಯ 1960ರ ದಶಕದ ಆರಂಭದಲ್ಲಿ ಅಂಗಡಿಗಳಿಗೆ ಕಿಲೋ ಮತ್ತು ಲೀಟರು ಬಂದವು. ಅಡುಗೆಮನೆಯಲ್ಲಿ ಸೇರು, ಪಾವುಗಳು ಬಳಕೆಯ ಪಾತ್ರೆಗಳಾಗಿ ಉಳಿದುಕೊಂಡವು. ಇವುಗಳಿಗಿಂತ ಮುಖ್ಯವಾದದ್ದು ಹದ. ಹದವೆಂದರೆ ಕಣ್ಣು, ಕಿವಿ, ಮೂಗು, ಬೆರಳುಗಳಿಂದ ತಿಳಿಯಬೇಕಾದ ಸ್ಥಿತಿ. ಅದನ್ನು ಸೂಚಿಸಲು ಈ ಸೀಮೆಯ ಕನ್ನಡದಲ್ಲಿ ಖಚಿತವಾದ ಪದಗಳಿವೆ.

ರೊಟ್ಟಿಯ ಪಾಠವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗೋಧಿಯ ಹಿಟ್ಟಿಗೆ ಎಳೆತನ ಕೊಡುವ ಅಂಟು ಪ್ರೋಟೀನು ಜೋಳದಲ್ಲಿಲ್ಲ. ಆದುದರಿಂದ ಕುದಿಯುವ ನೀರನ್ನು, ಅಂದರೆ ಎಸರನ್ನು, ಹಿಟ್ಟಿಗೆ ಬೆರೆಸಬೇಕು. ಕುದಿನೀರು ತಾಕಿದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟುಗುಣ ಪಡೆಯುತ್ತದೆ. ಆ ಅಂಟುಗುಣಕ್ಕೆ ಹೆಂಗಸರ ಮಾತಿನಲ್ಲಿ ಜಿಗಿ ಎಂದು ಹೆಸರು. ಬೀಸಿ ಬಹಳ ದಿನವಾದ ಹಿಟ್ಟಿನ ಜಿಗಿ ಹೋಗುತ್ತದೆ. ಅಂಥ ಹಿಟ್ಟಿಗೆ ಎಸರು ಹೆಚ್ಚು ಬೇಕು, ನಾದುವುದೂ ಹೆಚ್ಚು ಬೇಕು. ಜಿಗಿಯಿಲ್ಲದ ಹಿಟ್ಟನ್ನು ಬಡಿದರೆ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ರೊಟ್ಟಿಯ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು; ಆ ನೀರು ಪೂರ್ತಿ ಆರುವ ಮುನ್ನವೇ ತಿರುವಬೇಕು. ತಡವಾದರೆ ಮೇಲ್ಪದರ ಬಿರಿದು ರೊಟ್ಟಿ ಉಬ್ಬುವುದಿಲ್ಲ. ಬಡಿಯುವ ಸದ್ದು ಒಂದೇ ಸಮನಾಗಿದ್ದರೆ ಕೈ ಪಳಗಿದೆ ಎಂದು ಒಳಮನೆಯಲ್ಲಿ ಕುಳಿತ ಅತ್ತೆ ತಿಳಿಯುತ್ತಿದ್ದಳು.

ಹೋಳಿಗೆಯ ಪಾಠದಲ್ಲಿ ಕಟ್ಟು ಎಂಬ ಪದ ಮುಖ್ಯ. ಕಡಲೆಬೇಳೆಯನ್ನು ಬೆರಳಿನಿಂದ ಒತ್ತಿದರೆ ಮುರಿಯಬೇಕು, ಕರಗಿ ಹೋಗಬಾರದು. ಆ ಹದದಲ್ಲಿ ನೀರು ಬಸಿದುಕೊಳ್ಳಬೇಕು. ಬಸಿದ ನೀರೇ ಕಟ್ಟು. ಅದು ಸರಿಯಾಗಿ ಬಸಿಯದಿದ್ದರೆ ಬೆಲ್ಲ ಬೆರೆಸಿದ ಹೂರಣ ಸಡಿಲವಾಗಿ ಲಟ್ಟಿಸುವಾಗ ಕಣಕ ಒಡೆಯುತ್ತದೆ. ಕಟ್ಟನ್ನು ಚೆಲ್ಲದೆ ಸ್ವಲ್ಪ ಹೂರಣ, ಹುಣಸೆ, ಖಾರ ಹಾಕಿ ಸಾರು ಮಾಡುವುದರಿಂದ ಸಿಹಿಯ ಅಡುಗೆಗೆ ಜೊತೆಯ ಖಾರದ ಅಡುಗೆಯೂ ಒದಗುತ್ತದೆ. ನೀರೂ ಬೇಳೆಯೂ ದುರ್ಲಭವಾದ ಸೀಮೆಯಲ್ಲಿ ಈ ಮಿತವ್ಯಯಕ್ಕೆ ಅರ್ಥವಿದೆ.

ಬರಗಾಲದ ಪಾಠ

ಜತ್ತ ಸೀಮೆಯ ಅಡುಗೆಯ ಚರಿತ್ರೆ ಬರಗಾಲದ ಚರಿತ್ರೆಯೂ ಹೌದು. 1876–78ರ ಮಹಾಕ್ಷಾಮ ಬಿಜಾಪುರ ಪ್ರದೇಶವನ್ನು ತೀವ್ರವಾಗಿ ಬಾಧಿಸಿತು. ಇಂಥ ಅನುಭವಗಳಿಂದ ಎರಡು ಬಗೆಯ ಜ್ಞಾನ ರೂಪುಗೊಂಡಿತು. ಒಂದು, ಕಾಯ್ದಿಡುವ ಜ್ಞಾನ: ಜೋಳವನ್ನು ಹಗೇವಿನಲ್ಲಿ ಇಡುವುದು, ಕಡಲೆಯ ಎಳೆ ಸೊಪ್ಪನ್ನು ಒಣಗಿಸಿ ಬೇಸಿಗೆಗೆ ಉಳಿಸುವುದು. ಇನ್ನೊಂದು, ಹೊಲದಲ್ಲಿ ತಾನಾಗಿ ಹುಟ್ಟುವ ಹತ್ತರಕಿ, ಗೋಳಿ ಮೊದಲಾದ ಪಲ್ಲೆಗಳನ್ನು ಗುರುತಿಸಿ ಬಳಸುವ ಜ್ಞಾನ.

1972ರ ಬರಗಾಲ ಮಹಾರಾಷ್ಟ್ರದ ಒಣಭಾಗಗಳ ಜನರ ನೆನಪಿನಲ್ಲಿ ಇಂದಿಗೂ ಒಂದು ಗಡಿಕಲ್ಲು. ಕೆರೆ, ರಸ್ತೆ, ಕಲ್ಲು ಒಡೆಯುವ ಕಾಮಗಾರಿಗಳಲ್ಲಿ ದುಡಿದವರಿಗೆ ಸುಕಡಿ ಎಂಬ ಪುಡಿಯಾಹಾರ ದೊರೆಯಿತು. ಅಮೆರಿಕದಿಂದ ತಂದ ಮಿಲೋ ಎಂಬ ಕೆಂಪು ಜೋಳ ಪಡಿತರದಲ್ಲಿ ಬಂದಿತು. ಮಾಲದಂಡಿಯ ಬಿಳಿ ಹಿಟ್ಟಿಗೆ ಪಳಗಿದ ಕೈಗಳಿಗೆ ಇದು ಹೊಸ ಪರೀಕ್ಷೆ. ಹೊಸ ಹಿಟ್ಟನ್ನು ತಿನ್ನಲು ಬರುವಂತೆ ಮಾಡುವ ಉಪಾಯಗಳನ್ನು ಹೇಳಿಕೊಡಲು ಆಗ ಯಾವ ಪುಸ್ತಕವೂ ಇರಲಿಲ್ಲ. ಎಸರು, ಜಿಗಿ, ಹದಗಳ ಹಳೆಯ ಲೆಕ್ಕವನ್ನೇ ಹೊಸ ಧಾನ್ಯಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಕೆಲಸದ ಜಾಗದಲ್ಲಿಯೂ ಪಡಿತರದ ಸರದಿಯಲ್ಲಿಯೂ ಒಬ್ಬರಿಂದ ಒಬ್ಬರು ಕಲಿಯಬೇಕಾಯಿತು. ಅಡುಗೆಯ ವಿನಿಮಯವು ಹಬ್ಬದ ಹರಟೆಯಷ್ಟೇ ಆಗಿರದೆ ಬದುಕಿ ಉಳಿಯುವ ಸಾಧನವೂ ಆಗಿತ್ತೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಎರಡು ಭಾಷೆಗಳ ಒಂದು ಒಲೆ

ಈ ಪಾಕಜ್ಞಾನವನ್ನು ಅಚ್ಚ ಕನ್ನಡದ್ದೆಂದು ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ಗಡಿಯ ಒಲೆ ಎರಡೂ ಭಾಷೆಗಳದು. ಮರಾಠಿಯ ತೂಪ, ಉಪ್ಪೀಟ, ಅಡಕಿತ್ತಾ, ಕಡಬೂಗಳ ಹಿಂದೆ ಕನ್ನಡದ ತುಪ್ಪ, ಉಪ್ಪಿಟ್ಟು, ಅಡಕತ್ತರಿ, ಕಡುಬುಗಳು ಕಾಣುತ್ತವೆ. ಕನ್ನಡ–ಮರಾಠಿಗಳ ಇಂಥ ಮೂಲಸಂಬಂಧವನ್ನು ಶಂ. ಬಾ. ಜೋಶಿಯವರು ಬಹು ಹಿಂದೆಯೇ ವಿಸ್ತಾರವಾಗಿ ಚರ್ಚಿಸಿದ್ದಾರೆ. ಸೊಲ್ಲಾಪುರ, ಲಾತೂರು, ಧಾರಾಶಿವ ಕಡೆಯ ಮರಾಠಿ ರೈತರು ಹೊಲದಲ್ಲಿ ಪೂಜೆಮಾಡಿ ಭಜ್ಜಿ, ಅಂಬೀಲುಗಳ ಊಟ ಮಾಡುವ ಯೆಳವಸ ಅಥವಾ ವೇಳಾ ಅಮಾವಾಸ್ಯೆಯ ಹೆಸರಿನಲ್ಲಿ ಕನ್ನಡದ ಎಳ್ಳ ಅಮಾವಾಸ್ಯೆಯೇ ಉಳಿದಿದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಇತ್ತ ಕನ್ನಡದ ಮನೆಗಳು ಝುಣಕ, ಥಾಲಿಪೀಠ, ಭಾಜಿ, ಆಮಟಿಗಳನ್ನು ತಮ್ಮವಾಗಿಸಿಕೊಂಡವು. ಕಟ್ಟಿನ ಸಾರು ಮರಾಠಿಯ ಮನೆಯಲ್ಲಿ ಕಟಾಚಿ ಆಮಟಿ. ಎರಡೂ ಒಂದೇ ಪಾತ್ರೆಯಿಂದ ಬಸಿದವು.

ಹೀಗಿರುವಾಗ ಸಮಸ್ಯೆ ಭಾಷೆಗಳು ಬೆರೆಯುವುದರಲ್ಲಿಲ್ಲ. ಒಂದು ಭಾಷೆಯ ಪದ ಮಾತ್ರ ಬರಹವನ್ನು ಸೇರುವುದರಲ್ಲಿದೆ. ಅಜ್ಜಿ ಅಗಸಿ ಎಂದದ್ದು ಅಂಗಡಿಯ ಪೊಟ್ಟಣದ ಮೇಲೆ ಜವಸ, ಗುರೆಳ್ಳು ಕಾರಳೆ, ಪುಂಡಿ ಅಂಬಾಡಿ, ಹತ್ತರಕಿ ಪಾಥರಿ, ಜವೆಗೋಧಿ ಖಪಲಿ. ಪೊಟ್ಟಣವನ್ನು ಓದಿ ಸಾಮಾನು ತರುವ ಮೊಮ್ಮಗಳಿಗೆ ಎರಡನೆಯ ಪದವೇ ಮೊದಲಿನದಾಗುತ್ತದೆ. ಜತ್ತ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಪುಣೆಯ ಬಾಲಭಾರತಿ ಸಂಸ್ಥೆ ಅವುಗಳಿಗೆ ಕನ್ನಡದಲ್ಲಿಯೇ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಆದರೂ ಪಠ್ಯದ ಶಿಷ್ಟಕನ್ನಡದಲ್ಲಿ ಜಿಗಿ, ಆಣ, ಕಟ್ಟುಗಳಂಥ ಒಲೆಯ ಪದಗಳಿಗೆ ಅವಕಾಶ ಕಡಿಮೆ. ಒಂದು ಕಡೆ ಮರಾಠಿಯ ಬರಹ, ಇನ್ನೊಂದು ಕಡೆ ಬೆಂಗಳೂರು–ಮೈಸೂರುಗಳ ಕನ್ನಡ. ಇವೆರಡರ ನಡುವೆ ಸೀಮೆಯ ಮಾತಿಗೆ ಲಿಖಿತ ನೆಲೆಯಿಲ್ಲದಂತಾಗಿದೆ.

ಅಚ್ಚಿನ ಪಾಕಪುಸ್ತಕ

ಮನೆಯ ಪಾಕವನ್ನು ಅಚ್ಚಿಗೆ ತಂದರೆ ಏನಾಗಬಲ್ಲದು ಎಂಬುದಕ್ಕೆ ಸಾಂಗಲಿ ಜಿಲ್ಲೆಯೇ ಸಾಕ್ಷಿ. ಜಿಲ್ಲೆಯ ಪಶ್ಚಿಮ ಭಾಗದ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆಯೊಂದಿಗೆ ಮುದ್ರಣವೂ ಬೆಳೆಯಿತು. ಅಲ್ಲಿಂದ 1930ರಲ್ಲಿ ‘ಸ್ತ್ರೀ’ ಎಂಬ ಮರಾಠಿ ಮಾಸಿಕ ಆರಂಭವಾಗಿ ಹೆಣ್ಣುಮಕ್ಕಳನ್ನು ಓದುಗರನ್ನಾಗಿಯೂ ಬರಹಗಾರ್ತಿಯರನ್ನಾಗಿಯೂ ರೂಪಿಸಿತು. ಅದರ ಸಮೀಪದ ಕುಂಡಲದಲ್ಲಿ ಹುಟ್ಟಿ, ಮದುವೆಯಾಗಿ ಸಾಂಗಲಿಗೆ ಬಂದು, ಅತ್ತೆಯ ಕೈಕೆಳಗೆ ಅಡುಗೆ ಕಲಿತ ಕಮಲಾಬಾಯಿ ಓಗಲೆ ಅವರ ‘ರುಚಿರಾ’ 1970ರಲ್ಲಿ ಕಿರ್ಲೋಸ್ಕರ ಪ್ರಕಾಶನದಿಂದ ಹೊರಬಂದಿತು. ಬಟ್ಟಲು ಮತ್ತು ಚಮಚೆಗಳ ಅಳತೆಯಲ್ಲಿ ಪಾಕಗಳನ್ನು ಹೇಳುವ ಈ ಪುಸ್ತಕ ಮರಾಠಿ ಮನೆಗಳಲ್ಲಿ ತಲೆಮಾರುಗಳ ಕೈಪಿಡಿಯಾಯಿತು.

ಅತ್ತೆಯಿಂದ ಸೊಸೆ ಕಲಿತ ಪಾಕ ಎರಡೂ ಕಡೆ ಒಂದೇ ಬಗೆಯದು. ಪಶ್ಚಿಮದಲ್ಲಿ ಅದಕ್ಕೆ ಮುದ್ರಣಾಲಯ, ಮಾಸಿಕ, ಓದುಬಲ್ಲ ಹೆಂಗಸರ ಸಮೂಹ ಒದಗಿದವು. ಪೂರ್ವದ ಕನ್ನಡದ ಹಳ್ಳಿಗಳಲ್ಲಿ ಈ ಮೂರೂ ಒದಗಲಿಲ್ಲ. ಪಾಕಗಳ ಗುಣದಲ್ಲಿ ಕೊರತೆಯಿದ್ದುದರಿಂದ ಅವು ಅಚ್ಚಾಗದೆ ಉಳಿದವೆನ್ನುವಂತಿಲ್ಲ. ಅಚ್ಚು ಕೊಡುವುದರ ಜೊತೆಗೆ ಕಳೆಯುವುದೂ ಉಂಟು: ಪುಸ್ತಕದ ಬಟ್ಟಲು–ಚಮಚೆಗಳಲ್ಲಿ ಆಯಿ, ವೈನಿ, ಮಾವಶಿಯರ ಹೆಸರುಗಳು ಉಳಿಯುವುದಿಲ್ಲ, ಒಂದೇ ತಿನಿಸಿನ ಹತ್ತು ರೀತಿಗಳಲ್ಲಿ ಒಂದು ಸರಿಯಾದುದಾಗಿ ಉಳಿದವು ಹಿಂದೆ ಸರಿಯುತ್ತವೆ. ಕನ್ನಡದ ದಾಖಲೆ ತಡವಾಗಿ ಆರಂಭವಾಗುವುದರಿಂದ ಈ ದೋಷವನ್ನು ತಪ್ಪಿಸಿಕೊಳ್ಳುವ ಅವಕಾಶವಾದರೂ ಅ‌ದಕ್ಕಿದೆ.

ಉಳಿದಿರುವ ಕೆಲಸ

ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಅದರೊಂದಿಗೆ ಹಾಡೂ ವಿರಳವಾಯಿತು. ಹಲಸಂಗಿಯ ಗೆಳೆಯರ ಸಂಗ್ರಹವಿಲ್ಲದಿದ್ದರೆ ಆ ಹಾಡುಗಳಲ್ಲಿ ಬಹುಪಾಲು ಇಂದು ದೊರೆಯುತ್ತಿರಲಿಲ್ಲ. ಯಂತ್ರದ ಶಾವಿಗೆ, ಪೊಟ್ಟಣದ ಖಾರ, ಖರೀದಿಸಿದ ಕಟಕ ರೊಟ್ಟಿಗಳು ಬಂದ ಈ ಕಾಲದಲ್ಲಿ ಪಾಕಜ್ಞಾನವು ಅದೇ ಹಂತದಲ್ಲಿ ನಿಂತಿದೆ. ಹೆಂಗಸರ ಶ್ರಮ ತಗ್ಗಿದುದು ಒಳ್ಳೆಯದೇ. ನಸುಕಿನಲ್ಲಿ ಎದ್ದು ಬೀಸುವ ದಿನಗಳು ಮರಳಬೇಕೆಂದು ಯಾರೂ ಬಯಸಲಾರರು. ಶ್ರಮ ತಗ್ಗಿದೊಡನೆ ಅದರೊಳಗಿನ ತಿಳಿವಳಿಕೆಯೂ ಅಳಿಯಬೇಕೆಂಬ ನಿಯಮವಿಲ್ಲ.

ಮುಚ್ಚಂಡಿ, ಉಮರಾಣಿ, ಗುಡ್ಡಾಪುರ, ಸಂಖ, ಉಮದಿಗಳಂಥ ಊರುಗಳಲ್ಲಿ 1972ರ ಮಿಲೋ ಹಿಟ್ಟನ್ನು ಕೈಯಾರೆ ನಾದಿದವರು ಇಂದು ಎಪ್ಪತ್ತು ದಾಟಿದವರು. ಅವರಿಂದ ಸಂಗ್ರಹಿಸಬೇಕಾದದ್ದು ತಿನಿಸುಗಳ ಪಟ್ಟಿಯನ್ನಲ್ಲ. ಯಾರಿಂದ ಕಲಿತರು, ಯಾವ ಊರಿನಿಂದ ಬಂದಿತು, ಯಾವ ಸಂದರ್ಭದಲ್ಲಿ ಮಾಡುವರು, ಕೆಟ್ಟರೆ ಹೇಗೆ ಸರಿಪಡಿಸುವರು, ಹದಕ್ಕೆ ಯಾವ ಪದ ಬಳಸುವರು ಎಂಬ ಐದು ಪ್ರಶ್ನೆಗಳಿಗೆ ಅವರದೇ ಮಾತಿನಲ್ಲಿ ಉತ್ತರ ದೊರೆತರೆ ಅದು ಭಾಷೆಯ, ನಂಟಿನ, ಬರಗಾಲದ ಮತ್ತು ಗಡಿಯ ಚರಿತ್ರೆಗೆ ಏಕಕಾಲಕ್ಕೆ ಆಕರವಾಗುತ್ತದೆ. ಮರಾಠಿಯ ಪರ್ಯಾಯಪದಗಳನ್ನೂ ಪಕ್ಕದಲ್ಲಿ ಬರೆದಿಡುವುದು ಅಗತ್ಯ. ಒಂದೇ ಒಲೆಯ ಎರಡು ಹೆಸರುಗಳನ್ನು ಬೇರ್ಪಡಿಸಿದರೆ ದಾಖಲೆ ಅಪೂರ್ಣ.

ಗ್ಯಾಝೆಟಿಯರಿನ ಅಧಿಕಾರಿಗಳು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಬಲ್ಲವರು ಇನ್ನೂ ಇದ್ದಾರೆ. ಕೇಳುವ ಕೆಲಸವನ್ನು ಈ ತಲೆಮಾರು ಮಾಡದಿದ್ದರೆ ಮುಂದಿನ ತಲೆಮಾರಿಗೆ ಕೇಳಲು ಯಾರೂ ಉಳಿದಿರುವುದಿಲ್ಲ.